ಕಟ್ಟೆಯ ಮಟ್ಟ ಓದುವವರು, ವಿಡಿಯೊ ನೋಡುವವರು

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಂಡ್ಯದ ರೈತರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಒಂದು ಪುಟ್ಟ ಚೌಕವನ್ನು: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದೇ ಮನೆಯಿಂದ ಮೈಸೂರಿಗೆ ಓದಲು ಬಂದ ಮಗಳ ಮೊಬೈಲಿಗೆ ಆ ಹೊತ್ತಿಗೆ ಬೇರೆ ಯಾವುದೋ ಅಣೆಕಟ್ಟಿನ ಗೇಟುಗಳಿಂದ ನೀರು ಭೋರ್ಗರೆಯುವ ವಿಡಿಯೊ ‘ಕನ್ನಂಬಾಡಿ, ಈಗಷ್ಟೇ’ ಎಂಬ ಒಕ್ಕಣೆ ಹೊತ್ತು ಬಂದಿರಬಹುದು.

ಇಂಥದ್ದು ಏಕೆ ವೇಗವಾಗಿ ಓಡುತ್ತದೆ? 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿ ಸರಣಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇ 70ರಷ್ಟು ಹೆಚ್ಚೆಂದೂ, ಇದಕ್ಕೆ ತಂತಾನೇ ಸಂದೇಶ ಹಂಚುವ ಯಂತ್ರಖಾತೆಗಳಿಗಿಂತ (ಬಾಟ್) ಮನುಷ್ಯರೇ ಕಾರಣರೆಂದೂ ಅದು ತೋರಿಸಿತು. ಸುಳ್ಳಿನಲ್ಲಿ ಹೊಸತನವೂ ಬೆರಗೂ ಹೆಚ್ಚು. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದಾಗ ಅದು ನಿಜವೆನಿಸತೊಡಗುತ್ತದೆ ಎಂಬುದು 1977ರಲ್ಲೇ ಪ್ರಯೋಗದಿಂದ ಗೊತ್ತಾಗಿತ್ತು. ನಾಲ್ಕು ಗುಂಪುಗಳಿಂದ ಒಂದೇ ವಿಡಿಯೊ ಬಂದಾಗ ಆಗುವುದೂ ಅದೇ.

ಬುದ್ಧಿವಂತ ವಿದ್ಯಾರ್ಥಿಗಳೂ ಎಡವುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, ಸುದ್ದಿಯ ನಿಜ-ಸುಳ್ಳು ಪರಿಶೀಲಿಸುವ 10 ಸತ್ಯಶೋಧಕರು (ಫ್ಯಾಕ್ಟ್‌ಚೆಕರ್‌ಗಳು) ಮತ್ತು 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಗಮನಿಸಿದರು. ವಿದ್ಯಾರ್ಥಿಗಳು, ಹಲವು ಇತಿಹಾಸಕಾರರು ಕೂಡ, ಪುಟದಲ್ಲೇ ಉಳಿದು ಅದರ ಅಂದ, ಲಾಂಛನ, ಗಂಭೀರ ಹೆಸರುಗಳಿಗೆ ಮಾರುಹೋದರು. ಸತ್ಯಶೋಧಕರಾದರೋ ಕೆಲವೇ ಕ್ಷಣಗಳಲ್ಲಿ ಆ ಪುಟವನ್ನು ಬಿಟ್ಟು, ಅದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿದರು. ಆಳವಾಗಿ ಓದುವುದೇ ಒಳ್ಳೆಯ ಓದೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ; ಮೊಬೈಲ್ ಪರದೆಯ ಮುಂದೆ ಪಕ್ಕಕ್ಕೆ ಸರಿದು ವಿಚಾರಿಸುವ ಓದೂ ಬೇಕು.

ನನಗೆ ಹೆಚ್ಚು ಆತಂಕ ತರುವುದು ಮೋಸಹೋಗುವುದಲ್ಲ, ಮೋಸಹೋದ ಮೇಲಿನ ಸ್ಥಿತಿ. ಎರಡು ಮೂರು ಬಾರಿ ಬೇಸ್ತು ಬಿದ್ದ ಹುಡುಗ ‘ಎಲ್ಲವೂ ಸುಳ್ಳೇ’ ಎಂದುಬಿಡುತ್ತಾನೆ. ಆಗ ಆರೋಗ್ಯ ಇಲಾಖೆಯ ಲಸಿಕೆ ಪ್ರಕಟಣೆಯೂ ಜಿಲ್ಲಾಡಳಿತದ ಪ್ರವಾಹ ಎಚ್ಚರಿಕೆಯೂ ಅವನಿಗೆ ಇನ್ನೊಂದು ಫಾರ್ವರ್ಡ್ ಅಷ್ಟೇ. ಸುಳ್ಳಿನ ಬಗ್ಗೆ ಬರೀ ಎಚ್ಚರಿಸುವ ಪಾಠಗಳು ನಿಜವಾದ ಸುದ್ದಿಯ ಮೇಲಿನ ನಂಬಿಕೆಯನ್ನೂ ತಗ್ಗಿಸಬಲ್ಲವೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಅನುಮಾನವನ್ನಷ್ಟೇ ಕಲಿಸಿದರೆ ಸಾಲದು, ಯಾರನ್ನು ಯಾವ ಆಧಾರದ ಮೇಲೆ ನಂಬಬಹುದೆಂಬುದನ್ನೂ ಕಲಿಸಬೇಕು.

ಅದಕ್ಕೆ ಸಮಯ ಬೇಕು. ಬಿಹಾರದಲ್ಲಿ 2019ರ ಚುನಾವಣೆಯ ವೇಳೆ ಸುಳ್ಳು ಸುದ್ದಿ ಗುರುತಿಸಲು ಸುಮಾರು ಒಂದು ಗಂಟೆಯ ತರಬೇತಿ ಪಡೆದ ವಯಸ್ಕರಲ್ಲಿ ಒಟ್ಟಾರೆ ಸುಧಾರಣೆ ಕಾಣಲಿಲ್ಲ. ಅದೇ ರಾಜ್ಯದಲ್ಲಿ ಮುಂದೆ ಹದಿಹರೆಯದವರಿಗೆ ಹಲವು ವಾರ ತರಗತಿ ನಡೆಸಿದಾಗ ಫಲ ಸಿಕ್ಕಿತು, ಅದು ತಂದೆತಾಯಿಯರಿಗೂ ತಲುಪಿತು.

ನಮ್ಮಲ್ಲಿ ಇಂಥ ತರಗತಿಗೆ ಸಾಮಗ್ರಿ ಹುಡುಕಬೇಕಾಗಿಲ್ಲ. ಆ ವಿಡಿಯೊವನ್ನೇ ತೆಗೆದುಕೊಳ್ಳಿ. ಅಂದಿನ ಹೊರಹರಿವು ಎಷ್ಟು ಕ್ಯುಸೆಕ್? ಅದು ಕೆಲವೇ ಸಾವಿರವಾಗಿದ್ದರೆ ಸಾಲು ಗೇಟುಗಳ ಆ ಭೋರ್ಗರೆತ ಅಂದಿನದಾಗಿರಲಾರದು. ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಂತಿದೆಯೇ? ಶ್ರೀರಂಗಪಟ್ಟಣದ ಚಿಕ್ಕಮ್ಮನಿಗೆ ಫೋನ್ ಮಾಡಿ ಹೊಳೆ ಹೇಗಿದೆಯೆಂದು ಕೇಳಬಹುದು. ಚೌಕದ ಅಂಕಿಯನ್ನು ಅಪ್ಪ ಏಕೆ ನಂಬುತ್ತಾನೆಂದೂ ಕೇಳಬಹುದು: ಅದು ದಿನವೂ ಬರುತ್ತದೆ, ಯಾರು ಅಳೆದರೆಂದು ಗೊತ್ತಿದೆ, ತಪ್ಪಿದ್ದರೆ ನಾಲೆಯ ನೀರೇ ಹೇಳಿಬಿಡುತ್ತದೆ.