ಅನುಮತಿ ಬೇಕಿರುವುದು ಎಫ್‌ಐಆರ್‌ಗೆ ಅಲ್ಲ

"ಅಫ್‌ಸ್ಪಾ ಇರುವ ಕಡೆ ಸೈನಿಕರ ಮೇಲೆ ಕೇಸೇ ಹಾಕುವ ಹಾಗಿಲ್ಲವಂತೆ, ಹೌದಾ ಸಾರ್?"

ಕಾನೂನು ಓದುವ ಹುಡುಗರೂ ಇದನ್ನೇ ಕೇಳುತ್ತಾರೆ. ಅಫ್‌ಸ್ಪಾ ಅಂದರೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಪ್ರಕ್ಷುಬ್ಧ ಎಂದು ಘೋಷಿಸಿದ ಪ್ರದೇಶದಲ್ಲಿ ಸೇನೆಗೆ ಹೆಚ್ಚಿನ ಅಧಿಕಾರ ಕೊಡುವಂಥದ್ದು. ಕಾಯ್ದೆ ಬೇಕು ಎನ್ನುವವರೂ ಹಾಗೇ ನಂಬಿದ್ದಾರೆ, ಬೇಡ ಎನ್ನುವವರೂ ಹಾಗೇ. 1958ರ ಆ ಕಾಯ್ದೆಯಲ್ಲಿರುವುದು ಬರೀ ಆರೇಳು ಸೆಕ್ಷನ್. ಒಂದು ಸಲ ಓದಬಾರದಾ?

6ನೇ ಸೆಕ್ಷನ್ ಕೇಳುವುದು ಕೇಂದ್ರ ಸರ್ಕಾರದ ಪೂರ್ವಾನುಮತಿ. ಅದಿಲ್ಲದೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸುವಂತಿಲ್ಲ. ದೂರು ಕೊಡಬೇಡಿ ಎಂದು ಅಲ್ಲಿ ಬರೆದಿಲ್ಲ. ಎಫ್‌ಐಆರ್, ಮರಣೋತ್ತರ ಪರೀಕ್ಷೆ, ಸಾಕ್ಷಿಗಳ ಹೇಳಿಕೆ, ಚಾರ್ಜ್‌ಶೀಟ್ ಯಾವುದಕ್ಕೂ ಅಡ್ಡಿಯಿಲ್ಲ. ಚಾರ್ಜ್‌ಶೀಟನ್ನು ಕೋರ್ಟು ವಿಚಾರಣೆಗೆ ಎತ್ತಿಕೊಳ್ಳುವ ಹೊತ್ತಿಗೆ ಅನುಮತಿಯ ಮಾತು ಬರುತ್ತದೆ. ಸೈನಿಕರ ಮೇಲೆ ನಕಲಿ ಎನ್‌ಕೌಂಟರ್ ಆರೋಪವಿದ್ದ ಕಾಶ್ಮೀರದ ಪತ್ರಿಬಲ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಸೇನೆ ತಾನೇ ಕೋರ್ಟ್ ಮಾರ್ಷಲ್, ಅಂದರೆ ತನ್ನದೇ ನ್ಯಾಯಾಲಯದಲ್ಲಿ ವಿಚಾರಣೆ, ನಡೆಸಿದರೆ ಈ ಅನುಮತಿಯೂ ಬೇಡ.

ನಾಗಾಲ್ಯಾಂಡಿನ ಒಟಿಂಗ್ ನೋಡಿ. 2021ರ ಡಿಸೆಂಬರ್ 4, ಶನಿವಾರ ಸಂಜೆ. ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಊರಿಗೆ ಹೊರಟಿದ್ದವರನ್ನು ಉಗ್ರರೆಂದುಕೊಂಡು ಸೇನೆಯ ತುಕಡಿ ಗುಂಡು ಹಾರಿಸಿತು. ಆರು ಜನ ಸತ್ತರು. ರಾಜ್ಯದ ಪೊಲೀಸರು ಎಫ್‌ಐಆರ್ ಹಾಕಿದರು, ತನಿಖೆ ಮಾಡಿದರು, ಒಬ್ಬ ಮೇಜರ್ ಸೇರಿ 30 ಜನರ ಮೇಲೆ ಚಾರ್ಜ್‌ಶೀಟ್ ಹಾಕಿದರು. ಕೇಸು ನಿಂತದ್ದು ಅದಾದ ಮೇಲೆ. 2023ರಲ್ಲಿ ಕೇಂದ್ರ ಅನುಮತಿ ಕೊಡಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕಡತ ಮುಚ್ಚಿತು. ಮುಂದೆ ಅನುಮತಿ ಸಿಕ್ಕರೆ ಕೇಸು ಮುಂದುವರಿಸಬಹುದು ಎಂದೂ ಹೇಳಿತು.

ಕೊನೆಗೆ ಏನೂ ಆಗಲಿಲ್ಲವಲ್ಲ ಅಂತೀರಾ? ನಿಜ, ಅನುಮತಿ ಸಿಗುವುದು ಅಪರೂಪ. ಜಮ್ಮು-ಕಾಶ್ಮೀರದಿಂದ ಬಂದ 50 ಕೋರಿಕೆಗಳಲ್ಲಿ 47ಕ್ಕೆ ಇಲ್ಲ ಎಂದಿದ್ದಾಗಿ 2018ರಲ್ಲಿ ಸರ್ಕಾರವೇ ರಾಜ್ಯಸಭೆಗೆ ತಿಳಿಸಿತ್ತು. ಆದರೆ ಕಡತವೇ ಇಲ್ಲದಿದ್ದರೆ ಅನುಮತಿಯನ್ನು ಯಾತಕ್ಕೆ ಕೇಳುವುದು?

ಮಣಿಪುರದಲ್ಲಿ ಆದದ್ದು ಅದೇ. ಎನ್‌ಕೌಂಟರ್ ಆದಾಗ ಎಫ್‌ಐಆರ್ ಬೀಳುತ್ತಿದ್ದದ್ದು ಸತ್ತವನ ಮೇಲೆ! 2013ರಲ್ಲಿ ಸುಪ್ರೀಂ ಕೋರ್ಟ್ ಮೂವರ ಆಯೋಗ ಕಳಿಸಿತು. ಅದರಲ್ಲಿ ಇಬ್ಬರು ನಮ್ಮ ರಾಜ್ಯದವರಿಗೆ ಚೆನ್ನಾಗಿ ಗೊತ್ತಿರುವವರು: ನ್ಯಾಯಮೂರ್ತಿ ಸಂತೋಷ್ ಹೆಗ್ಡೆ, ನಮ್ಮ ಡಿಜಿಪಿ ಆಗಿದ್ದ ಅಜಯ್ ಕುಮಾರ್ ಸಿಂಗ್. ಇನ್ನೊಬ್ಬರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ. ಅವರು ಆರು ಪ್ರಕರಣ ನೋಡಿದರು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದರು. 2017ರಲ್ಲಿ ತನಿಖೆ ಸಿಬಿಐಗೆ ಹೋಯಿತು.

ಒಂದೊಂದು ಕೇಸಿನ ಸಂಗತಿ ಒಂದೊಂದು ಥರ, ಹಾಗಾಗಿ ಇದನ್ನೇ ಸಲಹೆ ಅಂದುಕೊಳ್ಳಬೇಡಿ. ಕರ್ತವ್ಯದ ಮೇಲಿದ್ದ ಸೈನಿಕನನ್ನು ಸುಳ್ಳು ಕೇಸಿನಿಂದ ಕಾಯಬೇಕು ಎಂಬುದನ್ನೂ ನಾನು ಒಪ್ಪುತ್ತೇನೆ. ಈಶಾನ್ಯದಲ್ಲಿ ಕೆಲಸ ಮಾಡಿದ ಕೊಡಗಿನ ಸುಬೇದಾರರೊಬ್ಬರು ಕಾಫಿ ತೋಟದ ದಾರಿ ಕೇಸಿಗೆ ನನ್ನ ಹತ್ತಿರ ಬರುತ್ತಾರೆ. ಹಿಡಿದವರನ್ನು ಬೇಗ ಠಾಣೆಗೆ ಒಪ್ಪಿಸಬೇಕು ಎನ್ನುತ್ತದೆ ಅಫ್‌ಸ್ಪಾದ 5ನೇ ಸೆಕ್ಷನ್. ಒಪ್ಪಿಸಿದ್ದಕ್ಕೆ ರಸೀದಿ ಪಡೆಯಬೇಕು ಎನ್ನುತ್ತದೆ ಸೇನೆಯ ಸೂಚನೆ. ಆ ಸೂಚನೆಗಳನ್ನು ಪಾಲಿಸಲೇಬೇಕು ಎಂದು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನೆಲ್ಲ ಒಮ್ಮೆ ಆ ಸುಬೇದಾರರಿಗೆ ವಿವರಿಸಲು ಹೋದೆ.

"ನಂಗೇ ಹೇಳ್ಕೊಡ್ತೀರಾ ವಕೀಲರೇ? ರಸೀದಿ ಇಲ್ದೆ ಠಾಣೆ ಬಿಟ್ಟು ಬಂದ ಹುಡುಗನ್ನ ವಾಪಸ್ ಓಡಿಸ್ತಿದ್ದೆ" ಎಂದರು. ಆಮೇಲೆ, ತಮ್ಮ ಕೇಸಿಗೆ ಮುಂದಿನ ತಾರೀಕು ಯಾಕೆ ಇಷ್ಟು ದೂರ ಹಾಕಿಸಿದ್ದೀರಿ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.