ಹತ್ತು ಮಣಿ, ಹತ್ತು ರೊಟ್ಟಿ: ಜಾಬ್ ಕೋಚ್ ಎಂಬ ಕೆಲಸ ಬೆಳೆದು ಬಂದ ದಾರಿ

“ನೀವ್ ಬಾಜೂಕ ಕುಂತಿದ್ರ ಚೊಲೊ ಮಾಡ್ತಾನ್ರಿ. ನೀವ್ ಹ್ವಾದ ಮ್ಯಾಲೆ ಹೆಂಗ್ರಿ ಅಕ್ಕಾರ?”

ಬೌದ್ಧಿಕ ಅಂಗವಿಕಲತೆ ಇರುವ ಹುಡುಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಕೇಳಲು ಹೋದಾಗ ಮಾಲೀಕರು ಹೀಗಂದರೆ ಬೇಜಾರು ಮಾಡಿಕೊಳ್ಳಬಾರದು. ನ್ಯಾಯವಾದ ಪ್ರಶ್ನೆಯೇ. ಕೆಲಸದ ಜಾಗಕ್ಕೇ ಹೋಗಿ, ಜೊತೆಗಿದ್ದು ಕಲಿಸುವ ಜಾಬ್ ಕೋಚ್ ಅನ್ನೋ ಕೆಲಸ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ಬಹಳ ಕಾಲ ನಡೆದುಬಂದ ಪದ್ಧತಿ ಬೇರೆ. ಮೊದಲು ತಯಾರಾಗಲಿ, ಆಮೇಲೆ ಕೆಲಸ. ವಿಶೇಷ ಶಾಲೆ ಮುಗಿದ ಮೇಲೆ ಅಲ್ಲೇ ಪಕ್ಕದ ಕೋಣೆಯಲ್ಲಿ ಮೇಣದಬತ್ತಿ, ಕಾಗದದ ಚೀಲ, ಫಿನಾಯಿಲ್. ಹದಿನೆಂಟಕ್ಕೆ ಆ ಕೋಣೆಗೆ ಹೋದವರು ಮೂವತ್ತಾದರೂ ಅಲ್ಲೇ. ತಯಾರಾಗುವ ದಿನ ಬರುವುದೇ ಇಲ್ಲ. ಕಲಿಸಿದವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಹೊತ್ತೊಯ್ಯುವುದೇ ಈ ಮಕ್ಕಳಿಗೆ ಕಷ್ಟ. ಶಾಲೆಯ ಟೇಬಲ್ ಮೇಲೆ ಚಂದ ಪ್ಯಾಕ್ ಮಾಡುವವನು ಅಂಗಡಿಯ ಗದ್ದಲದಲ್ಲಿ ಸುಮ್ನೆ ನಿಂತುಬಿಡುತ್ತಾನೆ.

ಇವರಿಗೆ ಕಲಿಯಲು ಆಗಲ್ಲ ಅನ್ನೋ ಮಾತನ್ನು ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ 1970ರ ದಶಕದಲ್ಲಿ ಅಲ್ಲಾಡಿಸಿದರು. ಅವರು ಆರಿಸಿಕೊಂಡದ್ದು ಸೈಕಲ್ ಬ್ರೇಕ್. ಹದಿನೈದು ಬಿಡಿಭಾಗ, ಒಂದರ ನಂತರ ಒಂದು ಸರಿಯಾಗಿ ಕೂರಬೇಕು. ನಿಮಗೂ ನನಗೂ ಕೊಟ್ಟರೆ ತಲೆ ಕೆರೆದುಕೊಳ್ಳುತ್ತೇವೆ. ಗೋಲ್ಡ್ ಆ ಕೆಲಸವನ್ನು ಚಿಕ್ಕಚಿಕ್ಕ ಹಂತ ಮಾಡಿದರು. ಯಾವ ಮುಖ ಮೇಲೆ ಬರಬೇಕು ಅಂತ ತೋರಿಸಲು ಬಣ್ಣ ಬಳಿದರು. ತಪ್ಪಾದರೆ ಬೈಗುಳವಿಲ್ಲ, ‘ಇನ್ನೊಂದು ಥರ ಮಾಡಿ ನೋಡು’ ಅಷ್ಟೇ. ತೀವ್ರ ಬೌದ್ಧಿಕ ಅಂಗವಿಕಲತೆ ಇದ್ದವರೂ ಬ್ರೇಕ್ ಜೋಡಿಸಿದರು. ಕಲಿಯದಿದ್ದರೆ ಕಲಿಸುವ ರೀತಿ ಬದಲಿಸಬೇಕು ಅನ್ನುವುದು ಅವರ ವಾದ.

ಆಮೇಲೆ ಸಂಶೋಧಕ ಪಾಲ್ ವೆಹ್ಮನ್ ಮತ್ತವರ ಜೊತೆಗಾರರು ಅಮೆರಿಕದ ವರ್ಜೀನಿಯಾದಲ್ಲಿ ಸರದಿಯನ್ನೇ ತಿರುಗಿಸಿದರು. ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸಿ. 1984ರ ಒಂದು ಕಾನೂನು, 1986ರ ಇನ್ನೊಂದು ತಿದ್ದುಪಡಿ ಈ ಪದ್ಧತಿಗೆ ಅಲ್ಲಿ ಹೆಸರನ್ನೂ ಹಣವನ್ನೂ ಕೊಟ್ಟವು. ಕೆಲಸದ ಜಾಗಕ್ಕೇ ಹೋಗಿ ಕಲಿಸುವವರು ಬೇಕಾದರು. ಅವರೇ ಜಾಬ್ ಕೋಚ್.

ನಮ್ಮಲ್ಲಿ ಇದು ನಿಧಾನ. ಬೌದ್ಧಿಕ ಅಂಗವಿಕಲತೆಗೆಂದೇ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಶುರುವಾದದ್ದು 1984ರಲ್ಲಿ. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಿಂದ ವಿಶೇಷ ಶಿಕ್ಷಕರಿಗೆ ಕೋರ್ಸು, ನೋಂದಣಿ ಎಲ್ಲ ಬಂತು. ಆದರೆ 1995ರ ಅಂಗವಿಕಲರ ಕಾಯ್ದೆ ಕೊಟ್ಟ 3% ಮೀಸಲಾತಿಯಲ್ಲಿ ಬೌದ್ಧಿಕ ಅಂಗವಿಕಲತೆ ಇರುವವರಿಗೆ ಪಾಲೇ ಇರಲಿಲ್ಲ. ಪಾಲು ಸಿಕ್ಕಿದ್ದು 2016ರ ಕಾಯ್ದೆಯಲ್ಲಿ. 4% ಮೀಸಲಾತಿಯಲ್ಲಿ 1% ಬೌದ್ಧಿಕ ಅಂಗವಿಕಲತೆ, ಆಟಿಸಂ, ಮಾನಸಿಕ ಅಸ್ವಸ್ಥತೆ ಮೊದಲಾದವೆಲ್ಲ ಸೇರಿ. ಅದೂ ಸರ್ಕಾರಿ ಹುದ್ದೆಗೆ. ರೊಟ್ಟಿ ಅಂಗಡಿಗೂ ಅದಕ್ಕೂ ಏನು ಸಂಬಂಧ, ಅಲ್ವಾ?

ರೊಟ್ಟಿ ಅಂಗಡಿಗೇ ಬರೋಣ. ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಪ್ಯಾಕ್ ಮಾಡುವ ಒಂದು ಮನೆ ಅಂದುಕೊಳ್ಳಿ. ಒಂದು ಪ್ಯಾಕಿಗೆ ಹತ್ತು ರೊಟ್ಟಿ. ಹುಡುಗನಿಗೆ ಎಣಿಕೆ ಬರಲ್ಲ. ಎಣಿಕೆ ಕಲಿಸಲು ಕೂತರೆ ಎರಡು ವರ್ಷ ಹೋದೀತು. ತರಬೇತಿ ಪಡೆದ ಕೋಚ್ ಹಾಗೆ ಮಾಡಲ್ಲ. ಮೊದಲು ಒಂದೆರಡು ದಿನ ತಾನೇ ಕೂತು ರೊಟ್ಟಿ ಪ್ಯಾಕ್ ಮಾಡುತ್ತಾಳೆ. ಎಲ್ಲಿ ರೊಟ್ಟಿ ಮುರಿಯುತ್ತದೆ, ಕವರ್ ಬಾಯಿ ಯಾವ ಕೈಯಲ್ಲಿ ಬಿಡಿಸಬೇಕು, ಯಾರು ಜೋರಾಗಿ ಮಾತಾಡುತ್ತಾರೆ, ಎಲ್ಲ ಬರೆದುಕೊಳ್ಳುತ್ತಾಳೆ. ಆಮೇಲೆ ಒಂದು ತಂತಿಗೆ ಹತ್ತು ಮಣಿ ಪೋಣಿಸಿ ಹುಡುಗನ ಮುಂದೆ ಕಟ್ಟುತ್ತಾಳೆ. ಒಂದು ರೊಟ್ಟಿ ಇಟ್ಟರೆ ಒಂದು ಮಣಿ ಆಚೆಗೆ. ಮಣಿ ಮುಗಿದರೆ ಪ್ಯಾಕ್ ಮುಗೀತು.

ಇಷ್ಟನ್ನು ಚುರುಕಾದ ಯಾರಾದರೂ ಹೊಳೆಸಿಕೊಂಡಾರು. ತರಬೇತಿಯಲ್ಲಿ ಕಲಿಯಲು ಕಷ್ಟವಾದದ್ದು ಕೈ ಹಿಂದಕ್ಕೆ ತೆಗೆದುಕೊಳ್ಳುವುದು. ಕೈ ಹಿಡಿದು ಮಾಡಿಸುವುದರಿಂದ ಮಾಡಿ ತೋರಿಸುವುದಕ್ಕೆ, ಅಲ್ಲಿಂದ ಬಾಯಲ್ಲಿ ಹೇಳುವುದಕ್ಕೆ, ಕೊನೆಗೆ ಬರೀ ಕಣ್ಣಲ್ಲಿ ನೋಡುವುದಕ್ಕೆ ಇಳಿಯಬೇಕು. ಮೊದಲ ವಾರ ಪಕ್ಕದ ಮಣೆ, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಎದುರಿನ ಚಹಾ ಅಂಗಡಿ. ಹುಡುಗ ತಪ್ಪು ಮಾಡುವುದು ಕಂಡರೂ ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡು ಇರಬೇಕು. ನಮ್ಮ ತಾಯಂದಿರಿಗೂ ಟೀಚರ್‌ಗಳಿಗೂ ಇದು ಜೀವ ಹೋದಷ್ಟು ಕಷ್ಟ. ಕೋಚ್ ಹಿಂದೆ ಸರಿದ ಜಾಗಕ್ಕೆ ಅಲ್ಲಿನವರೇ ಬರಬೇಕು. ರೊಟ್ಟಿ ಬಡಿಯುವ ಅಕ್ಕ ಒಬ್ಬಳು ‘ಮಣಿ ಸರಿಸಿದ್ಯೇನೋ ತಮ್ಮಾ’ ಅಂದರೆ ಸಾಕು.

ಬಸ್ಸನ್ನೂ ಕಲಿಸಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದರೆ ಎಲ್ಲಿ ಇಳಿಯುವುದು? ಬೋರ್ಡ್ ಓದಲು ಬರದಿದ್ದರೂ ಉಣಕಲ್ ಕೆರೆ ಕಾಣುತ್ತದೆ. ಕೆರೆ ಕಂಡ ಮೇಲೆ ಎದ್ದು ನಿಲ್ಲು. ಕೋಚ್ ಮೊದಲು ಪಕ್ಕದ ಸೀಟಿನಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಸ್ಟಾಪಿನಲ್ಲಿ ಕಾಯುತ್ತಾ.

ಇನ್ನು ಮನೆಯವರು. ‘ಕೆಲಸಕ್ಕೆ ಹ್ವಾದ್ರ ಮಾಸಾಶನ ನಿಲ್ತೈತೇನ್ರಿ?’ ಆದಾಯದ ಮಿತಿ ಇರುವ ಯೋಜನೆ ಅಂದಮೇಲೆ ಈ ಭಯ ಸಹಜ. ನಿಯಮ ಏನೆಂದು ಕಚೇರಿಯಲ್ಲಿ ವಿಚಾರಿಸಿ ಹೇಳುವುದೂ ಕೋಚ್ ಕೆಲಸವೇ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಂಗವಿಕಲತೆ ಇರುವವರೇ ಆ ಕೆಲಸದಲ್ಲಿದ್ದು, ಮನೆಮನೆ ಗೊತ್ತಿರುವವರು. ಕೋಚ್ ತರಬೇತಿಗೆ ಇವರಿಗಿಂತ ಒಳ್ಳೆಯ ಆಳು ಸಿಗಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಸೈಕಲ್ ಕಲಿಸುವವರು ಸೈಕಲ್ ಹತ್ತಿರ ಇರಬೇಕು. ಮೂರು ದಿನ ಸಭಾಂಗಣದಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಟ್ಟರೆ ಕೋಚ್ ಆಗಲ್ಲ. ತರಬೇತಿಯ ಜಾಸ್ತಿ ದಿನ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲೋ ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲೋ ಕಳೆಯಬೇಕು.

ಮತ್ತೆ ರೊಟ್ಟಿ ಮನೆ. ಆರು ತಿಂಗಳು ಎಲ್ಲ ಚೆನ್ನಾಗಿತ್ತು ಅನ್ನಿ. ಒಂದು ಸೋಮವಾರ ಮಾಲೀಕರು ಐದು ರೊಟ್ಟಿಯ ಸಣ್ಣ ಪ್ಯಾಕ್ ಶುರು ಮಾಡುತ್ತಾರೆ. ಹುಡುಗ ಹತ್ತು ಮಣಿ ಮುಗಿಯುವ ತನಕ ನಿಲ್ಲಿಸಲ್ಲ, ಕವರ್ ಹರಿಯುತ್ತದೆ, ಬೈಗುಳ ಬೀಳುತ್ತದೆ. ಅರ್ಧ ದಿನ ಬಂದು ಐದು ಮಣಿ ತೆಗೆದು ಜೊತೆಗೆ ಕೂರುವವರು ಬೇಕು. ಆ ಅರ್ಧ ದಿನದ ಪಗಾರ ಮಾತ್ರ ಇನ್ನೂ ಯಾರ ಖಾತೆಯಲ್ಲೂ ಇಲ್ಲ.