ಕ್ಲೋಜಪಿನ್: ರಕ್ತ ಪರೀಕ್ಷೆಯ ಆಚೆಗೂ ಓದಬೇಕಾದ್ದು

ಆಂಟಿಸೈಕೋಟಿಕ್ (ಭ್ರಮೆ, ಸುಳ್ಳು ಅನುಮಾನಗಳಿರುವ ಮಾನಸಿಕ ಕಾಯಿಲೆಗೆ ಕೊಡುವ) ಔಷಧಿಗಳ ಪಾಠದಲ್ಲಿ ಕ್ಲೋಜಪಿನ್ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಕುಸಿಯಬಹುದು, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಅಷ್ಟು ಸಾಕು. ವಾರ್ಡಿಗೆ ಸಾಲದು.

ಮೊದಲು, ಇದನ್ನು ಯಾರಿಗೆ ಕೊಡುತ್ತಾರೆ? ಸ್ಕಿಜೋಫ್ರೇನಿಯಾ ಇರುವವರಿಗೆ ರಿಸ್ಪೆರಿಡೋನ್, ಒಲಾಂಜಪಿನ್, ಹ್ಯಾಲೊಪೆರಿಡಾಲ್ ಇಂಥವುಗಳಲ್ಲಿ ಎರಡನ್ನಾದರೂ ಸರಿಯಾದ ಡೋಸಿನಲ್ಲಿ, ತಲಾ 6 ವಾರ ಕೊಟ್ಟು ನೋಡಿರಬೇಕು. ಆಮೇಲೂ ಕಿವಿಯಲ್ಲಿ ಮಾತು ಕೇಳಿಸುವುದು, ಸುಳ್ಳು ಅನುಮಾನಗಳು ನಿಲ್ಲದಿದ್ದರೆ ಕ್ಲೋಜಪಿನ್. ಆದರೆ ರೋಗಿ ಮಾತ್ರೆಯನ್ನು ನಿಜವಾಗಿ ನುಂಗುತ್ತಿದ್ದರಾ ಅಂತ ಮನೆಯವರನ್ನು ವಿಚಾರಿಸಿ. ನುಂಗದ ಮಾತ್ರೆಯನ್ನು ಸೋತ ಔಷಧಿಯ ಲೆಕ್ಕಕ್ಕೆ ಸೇರಿಸಬಾರದು, ಅಲ್ವಾ?

ಇದರ ಮೇಲಿನ ಹೆದರಿಕೆಗೆ ಕಾರಣ ಹಳೆಯದು. 1975ರಲ್ಲಿ ಫಿನ್‌ಲೆಂಡಿನಲ್ಲಿ ಇದನ್ನು ತೆಗೆದುಕೊಳ್ಳುತ್ತಿದ್ದ ಕೆಲವರ ಬಿಳಿಕಣ ತೀರಾ ಕುಸಿಯಿತು, 8 ಮಂದಿ ಸತ್ತರು. ಹಲವು ದೇಶಗಳು ಔಷಧಿಯನ್ನು ಬದಿಗಿಟ್ಟವು. ತಿರುವು ಬಂದದ್ದು 1988ರಲ್ಲಿ. ಬೇರೆ ಔಷಧಿಗೆ ಬಗ್ಗದ ರೋಗಿಗಳ ಮೇಲೆ ಅಮೆರಿಕದಲ್ಲಿ ಜಾನ್ ಕೇನ್ ಮತ್ತು ಜೊತೆಯವರು 6 ವಾರದ ಅಧ್ಯಯನ ಮಾಡಿದರು. ಹಳೆಯ ಆಂಟಿಸೈಕೋಟಿಕ್ ಆದ ಕ್ಲೋರ್‌ಪ್ರೊಮಜೀನ್ ಪಡೆದವರಲ್ಲಿ ಸುಧಾರಿಸಿದ್ದು ಶೇ. 4, ಕ್ಲೋಜಪಿನ್ ಪಡೆದವರಲ್ಲಿ ಶೇ. 30. ಮರುವರ್ಷವೇ ಅಲ್ಲಿ ಅನುಮತಿ ಸಿಕ್ಕಿತು. ರಕ್ತ ಪರೀಕ್ಷೆಯ ಷರತ್ತಿನ ಮೇಲೆ.

ಅಪಾಯ ಹೆಚ್ಚಿರುವುದು ಮೊದಲ 18 ವಾರ. ಅದಕ್ಕೇ ಅಷ್ಟು ಕಾಲ ವಾರವಾರ ಪರೀಕ್ಷೆ, ಆಮೇಲೆ ನಿಧಾನವಾಗಿ ತಿಂಗಳಿಗೊಮ್ಮೆ. ನಡುವೆ ಜ್ವರ ಅಥವಾ ಗಂಟಲು ನೋವು ಬಂದರೆ ಮುಂದಿನ ತಾರೀಖಿಗೆ ಕಾಯಬಾರದು. ಅವತ್ತೇ ರಕ್ತ ನೋಡಬೇಕು. ಮೊದಲ ತಿಂಗಳ ಜ್ವರದ ಜೊತೆ ಎದೆಬಡಿತವೂ ಜಾಸ್ತಿಯಾದರೆ ಹೃದಯದ ಸ್ನಾಯುವಿನ ಉರಿಯೂತವನ್ನೂ ಅನುಮಾನಿಸಿ.

ಈಗ ನೋಟ್ಸಿನಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಮಲಬದ್ಧತೆ. ನನ್ನ ಪ್ರಕಾರ ಇದಕ್ಕೆ ಅರ್ಧ ಪುಟ ಕೊಡಬೇಕು. ಕ್ಲೋಜಪಿನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಕರುಳು ಪೂರ್ತಿ ನಿಂತರೆ ಜೀವಕ್ಕೇ ಅಪಾಯ. ಜೊತೆಗೆ ಟ್ರೈಹೆಕ್ಸಿಫೆನಿಡಿಲ್ (ಬೇರೆ ಆಂಟಿಸೈಕೋಟಿಕ್‌ಗಳಿಂದ ಬರುವ ಬಿಗಿತ, ನಡುಕಕ್ಕೆ ಕೊಡುವ ಮಾತ್ರೆ) ಇದ್ದರೆ ಇನ್ನೂ ಕೆಟ್ಟದ್ದು. ಹಳೆಯ ಔಷಧಿ ಬಿಡಿಸಿದ ಮೇಲೂ ಆ ಮಾತ್ರೆ ಚೀಟಿಯಲ್ಲಿ ಸುಮ್ನೆ ಮುಂದುವರಿದಿರಬಹುದು. ಕೈಕಾಲು ಬಿಗಿತ, ನಡುಕ ಕ್ಲೋಜಪಿನ್‌ನಲ್ಲಿ ಕಡಿಮೆ, ಆದ್ದರಿಂದ ಅದು ಬೇಕೇ ಎಂದು ವೈದ್ಯರನ್ನು ಕೇಳಿ. ಎಷ್ಟೋ ರೋಗಿಗಳು ತಾವಾಗಿ ಮಲಬದ್ಧತೆಯನ್ನು ಹೇಳುವುದಿಲ್ಲ. "ಹೊಟ್ಟೆ ಸರಿ ಇದೆಯಾ" ಅಂದರೆ ತಲೆಯಾಡಿಸಿಬಿಡುತ್ತಾರೆ. "ಕೊನೆಗೆ ಯಾವತ್ತು ಹೋದಿರಿ" ಅಂತಲೇ ಕೇಳಬೇಕು. ರಾತ್ರಿ ಜೊಲ್ಲು ಸುರಿದು ದಿಂಬು ಒದ್ದೆಯಾಗುವುದನ್ನು ಹೇಳಿಕೊಳ್ಳಲೂ ನಾಚಿಕೆ. ಅದನ್ನೂ ನಾವೇ ಕೇಳಬೇಕು. ತೂಕ, ಸಕ್ಕರೆ ಏರುವುದು ಒಲಾಂಜಪಿನ್‌ನಂತೆಯೇ. ಡೋಸ್ ಏರಿದಂತೆ ಫಿಟ್ಸ್ ಬರುವ ಸಾಧ್ಯತೆಯೂ ಏರುತ್ತದೆ.

ಬೀಡಿ, ಸಿಗರೇಟಿನ ವಿಷಯ ಸ್ವಾರಸ್ಯವಾಗಿದೆ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಔಷಧಿಯನ್ನು ಕರಗಿಸುವ ಯಕೃತ್ತಿನ ಸಿವೈಪಿ1ಎ2 ಕಿಣ್ವವನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್ ಬೇಗ ಕರಗಿಹೋಗುತ್ತದೆ. ಹಾಗಾಗಿ ಸೇದುವ ರೋಗಿ ವಾರ್ಡಿಗೆ ಬಂದು ಬೀಡಿ ನಿಂತರೆ, ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧಿ ಏರುತ್ತದೆ. ಕೆಲವೇ ದಿನದಲ್ಲಿ ತೂಕಡಿಕೆ, ತಲೆಸುತ್ತು ಶುರು. ಮನೆಗೆ ಹೋಗಿ ಮತ್ತೆ ಸೇದಿದರೆ ಉಲ್ಟಾ: ಔಷಧಿ ಇಳಿದು, ಕಾಯಿಲೆ ಮರುಕಳಿಸಬಹುದು. ಇದು ನಿಕೋಟಿನ್ ಕೆಲಸವಲ್ಲ, ಹೊಗೆಯದ್ದು. ಗುಟ್ಕಾ ಜಗಿಯುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಾಫಿ ಜಾಸ್ತಿ ಕುಡಿದರೂ ಔಷಧಿಯ ಮಟ್ಟ ಏರುತ್ತದೆ, ಕೆಫೀನ್ ಕರಗುವುದೂ ಅದೇ ಕಿಣ್ವದಿಂದ.

ಇನ್ನು ಡೋಸ್ ತಪ್ಪಿದರೆ? 48 ಗಂಟೆಗಿಂತ ಹೆಚ್ಚು ಬಿಟ್ಟಿದ್ದರೆ ಹಳೆಯ ಡೋಸನ್ನು ನೇರವಾಗಿ ಕೊಡುವಂತಿಲ್ಲ. ರಕ್ತದೊತ್ತಡ ಕುಸಿದು ರೋಗಿ ಬೀಳಬಹುದು. ಮತ್ತೆ 12.5 ಮಿಲಿಗ್ರಾಂನಿಂದಲೇ ಶುರು. ಊರಿಗೆ ಹೋಗುವಾಗ ಮಾತ್ರೆ ಮರೆತೆ ಅಂದವರನ್ನು "ಎಷ್ಟು ದಿನ" ಅಂತ ಕೇಳಿದ ಮೇಲೆಯೇ ವೈದ್ಯರಿಗೆ ಫೋನ್ ಮಾಡಿ. ಅವರು ಮೊದಲು ಕೇಳುವುದೂ ಅದನ್ನೇ.